ನಾಯಿ ಜಗಿದ ಆಮೆಯ ಚಿಪ್ಪು: ಅಲುಗಾಡುವ ಫಲಕವನ್ನು ಕೀಳಬಹುದೇ?

ಮಲೆನಾಡ ಮಳೆ, ಲೀಡ್ಸ್:
ನಮ್ಮಲ್ಲಿ ಹರ್ಮನ್ ಜಾತಿಯ ಆಮೆಯೊಂದಿದೆ, ಪ್ರಮಾಣಪತ್ರ ಸಮೇತ ಕೊಂಡದ್ದು. ಬೇಸಿಗೆಯಲ್ಲಿ ಪಕ್ಕದ ಮನೆಯ ನಾಯಿ ಬೇಲಿ ನುಸುಳಿ ಬಂದು ಚಿಪ್ಪಿನ ಹಿಂದಿನ ಅಂಚನ್ನು ಜಗಿದುಹಾಕಿತು. ವೈದ್ಯರು ಎಕ್ಸ್‌ರೇ ತೆಗೆಸಿ, ನೋವಿನ ಔಷಧಿ, ಆಂಟಿಬಯೋಟಿಕ್ ಕೊಟ್ಟರು. ಗಾಯ ಒಣಗಿದೆ. ಈಗ ಅಲ್ಲಿನ ಒಂದು ಕಂದು ಫಲಕ ಅಲುಗಾಡುತ್ತಿದೆ, ಅದರಡಿಯಿಂದ ತಿಳಿಹಳದಿ ಪದರವೊಂದು ಇಣುಕುತ್ತಿದೆ. ತೀರ್ಥಹಳ್ಳಿಯಿಂದ ಮಾವನವರು ಫೋನಿನಲ್ಲಿ ಅರಿಶಿನ ಹಚ್ಚು ಎನ್ನುತ್ತಾರೆ. ಯಜಮಾನರು ಎಪಾಕ್ಸಿ ಅಂಟು ತುಂಬಿಬಿಡೋಣ ಎಂದು ಟ್ಯೂಬ್ ಹಿಡಿದು ಕುಳಿತಿದ್ದಾರೆ. ಫಲಕವನ್ನು ಕೀಳಲೇ, ಬಿಡಲೇ?

ಹಟ್ಟಿಗೊಬ್ಬರ:
ಅರಿಶಿನದಿಂದ ಕೆಟ್ಟವರಿಲ್ಲ. ಕಿತ್ತು ಹಚ್ಚಿ. ಚಿಪ್ಪು ನಮ್ಮ ಉಗುರಿನ ಹಾಗೆ, ಅದಕ್ಕೆಲ್ಲಿಯ ನೋವು?

ಮೈಸೂರಿನ ಪಶುವೈದ್ಯೆ:
ನೋವಿಲ್ಲ ಎಂದು ಆಮೆ ಹೇಳಿತೇ? ಉಗುರಿನ ವಸ್ತುವಾದ ಕೆರಾಟಿನ್ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಅದರಡಿ ಇರುವುದು ಜೀವಂತ ಮೂಳೆ. ಬೆನ್ನುಮೂಳೆ, ಪಕ್ಕೆಲುಬುಗಳು ಬೆನ್ನಚಿಪ್ಪಿನೊಳಗೇ ಬೆಸೆದಿವೆ. ರಕ್ತವೂ ಹರಿಯುತ್ತದೆ, ನರಗಳೂ ಇವೆ.

ಫಲಕವನ್ನು ಮುಟ್ಟಬೇಡಿ. ಅದು ಸತ್ತಿದ್ದರೂ ಕೆಳಗಿನ ಎಳೆಯ ಪದರಕ್ಕೆ ಕಾಪು. ನೀವು ಹೇಳುವ ತಿಳಿಹಳದಿ ಪದರ ಒಣಗಿ ಗಟ್ಟಿಯಾಗಿದ್ದರೆ ಅದು ಹೊಸ ಕೆರಾಟಿನ್ ಇರಬೇಕು. ಬಲಿತ ಮೇಲೆ ಹಳೆಯದು ತಾನಾಗಿ ಉದುರುತ್ತದೆ, ಒಮ್ಮೊಮ್ಮೆ ಸತ್ತ ಮೂಳೆಯ ಚೂರನ್ನೂ ಜೊತೆಗೆ ತರುತ್ತದೆ. ಆ ಚೂರನ್ನು ವೈದ್ಯರಿಗೆ ತೋರಿಸಿ. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ, ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಮೊದಲಿನ ಗೆರೆ, ಬಣ್ಣ ಹಾಗೆಯೇ ಮರಳುವುದಿಲ್ಲ.

ಎಪಾಕ್ಸಿ ಬೇಡವೇ ಬೇಡ. ನಾಯಿಯ ಬಾಯಿಯ ರೋಗಾಣುಗಳನ್ನು ಒಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ. ಅರಿಶಿನದ ಲೇಪ ಗಾಯವನ್ನೇ ಮರೆಮಾಡುತ್ತದೆ, ಕೆಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ದಿನವೂ ನೋಡಿ, ಮೂಸಿಯೂ ನೋಡಿ. ದುರ್ವಾಸನೆ, ಕೀವು, ಒತ್ತಿದರೆ ಮೆತ್ತಗಾಗುವ ಜಾಗ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿ. ಸದ್ಯ ಹುಲ್ಲಿನ ಮೇಲೆ ಬಿಡದೆ, ಒಳಗೆ ವೃತ್ತಪತ್ರಿಕೆ ಹಾಸಿದ ಪೆಟ್ಟಿಗೆಯಲ್ಲಿಡಿ. ನೊಣ ಕೂತರೆ ಹುಳುವಾಗುತ್ತದೆ.

ಇನ್ನೊಂದು ಮಾತು. ಆಮೆಯ ರೋಗನಿರೋಧಕ ಶಕ್ತಿ ಮೈಬಿಸಿಯನ್ನು ಅವಲಂಬಿಸಿದೆ. ಮೈ ತಣ್ಣಗಾದರೆ ಗಾಯ ಮಾಗುವುದೂ ನಿಧಾನ. ವೈದ್ಯರು ಒಪ್ಪದ ಹೊರತು ಈ ಚಳಿಗಾಲ ಅದನ್ನು ಶೀತನಿದ್ರೆಗೆ ಬಿಡಬೇಡಿ. ಬಿಸಿ ದೀಪ, ಬಿಸಿಲಿನ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪ, ಸೊಪ್ಪಿನ ಮೇಲೆ ಕ್ಯಾಲ್ಸಿಯಂ ಪುಡಿ ತಪ್ಪಿಸಬೇಡಿ.

(ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ: ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಗಾಯಗೊಂಡದ್ದು ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ, ಅಕ್ವೇರಿಯಂ ಅಂಗಡಿಗೆ ಒಯ್ಯಬೇಡಿ.)

ಮಲೆನಾಡ ಮಳೆ, ಲೀಡ್ಸ್:
ಧನ್ಯವಾದ ಮೇಡಂ. ಟ್ಯೂಬ್ ಕಸಿದಿಟ್ಟೆ. ಸ್ನಾನ ಮಾಡಿಸಬಹುದೇ?

ಮೈಸೂರಿನ ಪಶುವೈದ್ಯೆ:
ಉಗುರುಬೆಚ್ಚಗಿನ ನೀರು, ಗಾಯದ ಮಟ್ಟಕ್ಕೆ ಏರದಷ್ಟು. ಆಮೇಲೆ ಒರೆಸಿ ಒಣಗಿಸಿ.