ಪದಚರ್ಚೆ: ಗೋಡೆಯಲ್ಲಿ ಕೆತ್ತಿದ ‘ಬೆಂಚ್ ಮಾರ್ಕ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬ್ರಿಟನ್ನಿನ ಹಳೇ ಚರ್ಚು, ಸೇತುವೆ, ಮನೆಗಳ ಗೋಡೆಯಲ್ಲಿ ಒಂದು ಕೆತ್ತನೆ ಕಾಣಿಸುತ್ತದೆ. ಸಾಮಾನ್ಯವಾಗಿ ನೆಲದಿಂದ ಸ್ವಲ್ಪವೇ ಮೇಲಿರುತ್ತದೆ. ಮೇಲೊಂದು ಅಡ್ಡಗೆರೆ. ಅದರ ಕೆಳಗೆ, ಗೆರೆಯತ್ತ ಮುಖ ಮಾಡಿದ ಮೂರು ಗೀರಿನ ಬಾಣ. ಬ್ರಿಟನ್ನಿನ ನಕಾಶೆ ತಯಾರಿಸುವ ಸರ್ಕಾರಿ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರು ಎತ್ತರ ಅಳೆಯುವುದಕ್ಕೆಂದು ಮಾಡಿಟ್ಟ ಗುರುತು ಅದು. ಒಂದು ಕಾಲಕ್ಕೆ ದೇಶದ ತುಂಬ ಇಂಥವು ಸುಮಾರು 5 ಲಕ್ಷ ಇದ್ದವು. ಇಂಗ್ಲಿಷಿನಲ್ಲಿ ಹೆಸರು ಬೆಂಚ್ ಮಾರ್ಕ್. ಇವುಗಳ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಸರಿಯಾದ ಪದ ಬೇಕಾಗಿದೆ.

ಬೆಂಚ್ ಮಾರ್ಕ್ ಅಂದ ಕೂಡಲೇ ನಾವು ‘ಮಾನದಂಡ’ ಅಂತ ಬರೆದುಬಿಡುತ್ತೇವೆ. ಗುಣಮಟ್ಟದ ಮಾತು ಬಂದಾಗ ಅದು ಸರಿ. ಈ ಕೆತ್ತನೆಗೆ ಮಾತ್ರ ಅದು ಒಪ್ಪುವುದಿಲ್ಲ. ಮಾನದಂಡ ಅಂದರೆ ಅಳೆಯುವ ಕೋಲು. ಕಾಳಿದಾಸ ಹಿಮಾಲಯವನ್ನು ಭೂಮಿಯ ಮಾನದಂಡ ಅಂದಿದ್ದೂ ಆ ಅರ್ಥದಲ್ಲೇ. ಆದರೆ ಬೆಂಚ್ ಮಾರ್ಕ್ ಕೋಲಲ್ಲ, ಕೋಲು ನಿಲ್ಲುವ ಜಾಗ. ಆ ಅಡ್ಡಗೆರೆಯ ಸೀಳಿಗೆ ಸರ್ವೆಯವರು ಕಬ್ಬಿಣದ ಮೂಲೆಪಟ್ಟಿಯೊಂದನ್ನು ಸಿಕ್ಕಿಸುತ್ತಿದ್ದರು. ಅದರ ಮೇಲೆ ಅಳತೆಕೋಲು ನಿಲ್ಲಿಸಿ, ದೂರದಿಂದ ದುರ್ಬೀನಿನಲ್ಲಿ ಓದುತ್ತಿದ್ದರು. ಆ ಪಟ್ಟಿಯೇ ಬೆಂಚು, ಹೆಸರು ಬಂದಿದ್ದು ಅದರಿಂದ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಬೆಂಚನ್ನು ತೆಗೆದುಕೊಂಡು ಹೋಗುತ್ತಿದ್ದರು, ಗುರುತು ಉಳಿಯುತ್ತಿತ್ತು.

ಇನ್ನೊಂದು ವಿಷಯವೂ ಪದ ಹುಡುಕುವಾಗ ಮುಖ್ಯ. ಗೋಡೆಯ ಈ ಕೆತ್ತನೆಯಲ್ಲಿ ಎತ್ತರ ಬರೆದಿರುವುದಿಲ್ಲ. ಎತ್ತರ ಇರುವುದು ನಕಾಶೆಯಲ್ಲಿ, ಸರ್ವೆಯವರು ಬರೆದಿಟ್ಟ ಎತ್ತರಗಳ ಪಟ್ಟಿಯಲ್ಲಿ. ಅದೂ ಬದಲಾಗಿದೆ. ಮೊದಲು ಲಿವರ್‌ಪೂಲಿನಲ್ಲಿ 1844ರಲ್ಲಿ ನೋಡಿದ ಸಮುದ್ರಮಟ್ಟವನ್ನು ಸೊನ್ನೆ ಅಂತ ಹಿಡಿದಿದ್ದರು. ಆಮೇಲೆ ಕಾರ್ನ್‌ವಾಲಿನ ನ್ಯೂಲಿನ್‌ನಲ್ಲಿ 1915ರಿಂದ 1921ರವರೆಗೆ ಸಮುದ್ರದ ಏರಿಳಿತ ಅಳೆದು, ಅದರ ಸರಾಸರಿಯನ್ನು ಸೊನ್ನೆ ಮಾಡಿಕೊಂಡರು. ಕಲ್ಲು ಕದಲಲಿಲ್ಲ, ಕೆತ್ತನೆ ಅಲ್ಲೇ ಇತ್ತು, ಎತ್ತರದ ಲೆಕ್ಕ ಮಾತ್ರ ಬೇರೆಯಾಯಿತು. ಕೆಲವು ಕಡೆ ಗೋಡೆಗೆ ಕೂರಿಸಿದ ಲೋಹದ ಫಲಕದ ಮೇಲೆ ಅಂಕಿ ಇರುತ್ತದೆ ನಿಜ. ಅದು ಫಲಕದ ಕ್ರಮಸಂಖ್ಯೆ, ಎತ್ತರ ಅಲ್ಲ. ಹಾಗಾಗಿ ‘ಎತ್ತರದ ಅಳತೆ’, ‘ಎತ್ತರ ಸೂಚಕ’ ಅನ್ನುವ ಪದಗಳನ್ನು ಕೈಬಿಟ್ಟೆ. ಓದಿದವರು ಗೋಡೆಯ ಮೇಲೆ ಅಂಕಿ ಹುಡುಕಲು ಹೊರಡುತ್ತಾರೆ.

ಸರ್ವೆ ಅಂದರೆ ನಮಗೆ ತಟ್ಟನೆ ನೆನಪಾಗುವುದು ‘ಬಾಂದುಕಲ್ಲು’. ಒಳ್ಳೇ ಪದ, ಜನರ ಬಾಯಲ್ಲಿ ಇರುವ ಪದ. ಆದರೆ ಬಾಂದುಕಲ್ಲು ಹೇಳುವುದು ಜಮೀನು ಎಲ್ಲಿಗೆ ಮುಗಿಯಿತು ಅಂತ. ಎಷ್ಟು ಮೇಲಿದೆ ಅಂತ ಹೇಳುವುದಿಲ್ಲ.

‘ಮಟ್ಟಗಲ್ಲು’ ಅನ್ನಬಹುದಾ ಅಂತಲೂ ಯೋಚಿಸಿದೆ. ‘ಮೈಲಿಗಲ್ಲು’ ಇದೆಯಲ್ಲ, ಅದರ ಜೊತೆಗೆ ಚೆನ್ನಾಗಿ ಹೊಂದುತ್ತದೆ. ಮೈಲಿಗಲ್ಲು ರಸ್ತೆ ಬದಿಯ ಕಲ್ಲೂ ಹೌದು, ‘ಸಾಹಿತ್ಯದ ಮೈಲಿಗಲ್ಲು’ ಅನ್ನುವಾಗಿನ ಹಿರಿಮೆಯೂ ಹೌದು. ಎರಡೂ ಅರ್ಥ ಕನ್ನಡದಲ್ಲಿ ಜೀವಂತವಾಗಿವೆ. ಬೆಂಚ್ ಮಾರ್ಕ್ ವಿಷಯದಲ್ಲಿ ನಾವು ಹಿರಿಮೆಯ ಅರ್ಥಕ್ಕೆ ಮಾತ್ರ ಪದ ಕೊಟ್ಟೆವು, ವಸ್ತುವಿಗೆ ಕೊಡಲೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದರೆ ‘ಮಟ್ಟಗಲ್ಲು’ ಅಂದರೆ ಬೇರೆಯೇ ಕಲ್ಲು ನೆಟ್ಟ ಹಾಗೆ ಕೇಳಿಸುತ್ತದೆ. ಇಲ್ಲಿ ಇದ್ದ ಗೋಡೆಗೇ, ರಸ್ತೆ ಬದಿಯ ಅಂಚುಗಲ್ಲಿಗೇ ಗುರುತು ಹಾಕಿದ್ದು.

ಕೆತ್ತಿದ ಸೀಳು ಅನ್ನುವುದಕ್ಕೆ ‘ಕಚ್ಚು’ ಚೆಂದದ ಪದ. ಆದರೆ ಮಟ್ಟಕ್ಕೆ ಸೇರಿಸಿದರೆ ‘ಮಟ್ಟಗಚ್ಚು’ ಆಗುತ್ತದೆ. ಗಚ್ಚು ಅಂದರೆ ಗಾರೆ. ಗೋಡೆಯ ಮಾತಾಡುವಾಗ ಈ ಗೊಂದಲ ಖಂಡಿತ ಬೇಡ. ಅದೂ ಅಲ್ಲದೆ ಎಲ್ಲವೂ ಸೀಳಲ್ಲ. ಅಂಚುಗಲ್ಲು, ಮೆಟ್ಟಿಲುಗಳಂಥ ಮಲಗಿದ ಕಲ್ಲಿನಲ್ಲಿ ಲೋಹದ ಮೊಳೆ ಕೂರಿಸಿರುತ್ತಾರೆ. ಕೆಲವು ಕಡೆ ಚಿಕ್ಕ ಕುಳಿ ಮಾತ್ರ ಇರುತ್ತದೆ. ಅಳೆಯುವಾಗ ಅದರಲ್ಲಿ ಲೋಹದ ಗುಂಡು ಇಟ್ಟು, ಗುಂಡಿನ ಮೇಲೆ ಕೋಲು ನಿಲ್ಲಿಸುತ್ತಿದ್ದರು.

ಇವೆಲ್ಲಕ್ಕೂ ಒಪ್ಪುವ ಹಾಗೆ ಸದ್ಯಕ್ಕೆ ‘ಮಟ್ಟಗುರುತು’ ಅಂತ ಬರೆದುಕೊಂಡಿದ್ದೇನೆ. ಒಂದೇ ಅನುಮಾನ, ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಅಂತ ಗೋಡೆಗೆ ಹಾಕುವ ಗುರುತೂ ಮಟ್ಟದ ಗುರುತೇ ಅಲ್ವಾ? ಅದಕ್ಕೆ ‘ನೆರೆಗುರುತು’ ಅಂತ ಬೇರೆ ಹೇಳಿದರೆ ಸಾಕು ಅನ್ನಿಸುತ್ತದೆ. ನಿಮಗೇನನ್ನಿಸುತ್ತದೆ?

ಬಾಣಕ್ಕೂ ಹೆಸರು ಬೇಕು. ಸುಮ್ನೆ ‘ಬಾಣ’ ಅಂದರೆ ದಿಕ್ಕು ತೋರಿಸುತ್ತಿದೆ ಅಂತ ಓದುಗರು ತಿಳಿಯುತ್ತಾರೆ. ಅದು ಬ್ರಿಟಿಷ್ ಸರ್ಕಾರದ ಸ್ವತ್ತಿಗೆ ಹಾಕುತ್ತಿದ್ದ ಮುದ್ರೆ. ಎತ್ತರದ ಲೆಕ್ಕ ಇರುವುದು ಅಡ್ಡಗೆರೆಯ ನಡುಮಧ್ಯಕ್ಕೆ. ಅಲ್ಲಿನವರು ಈ ಗುರುತನ್ನು ಕಾಗೆಯ ಪಾದ ಅಂತಲೂ ಕರೆಯುತ್ತಾರೆ. ನಮ್ಮಲ್ಲಿ ಬರಹದಲ್ಲಿ ಬಿಟ್ಟುಹೋದ ಅಕ್ಷರ ಸೇರಿಸುವ ಚಿಹ್ನೆಗೆ ಹಂಸಪಾದ, ಕಾಕಪದ ಅನ್ನುವ ಹೆಸರುಗಳಿವೆ. ಹಕ್ಕಿಯ ಹೆಜ್ಜೆಯಿಂದ ಗುರುತಿಗೆ ಹೆಸರಿಡುವುದು ನಮಗೇನೂ ಹೊಸದಲ್ಲ. ಅವೆರಡನ್ನೂ ಅವುಗಳ ಕೆಲಸಕ್ಕೇ ಬಿಟ್ಟು, ಇದಕ್ಕೆ ‘ಕಾಗೆಕಾಲು’ ಅನ್ನುವುದು ನನಗೆ ಇಷ್ಟ.

ಕೊನೆಯದು ‘ಡೇಟಮ್’. ಇದಕ್ಕೆ ‘ದತ್ತಾಂಶ’ ಅಂತ ಬರೆದರೆ ಅರ್ಥವೇ ಕೆಡುತ್ತದೆ. ಅದು ಮಾಹಿತಿಗೆ ಇರುವ ಪದ. ಇಲ್ಲಿ ಬೇಕಾಗಿರುವುದು ಎಲ್ಲ ಎತ್ತರಗಳೂ ಶುರುವಾಗುವ ಮಟ್ಟ. ‘ಮೂಲಮಟ್ಟ’ ಅನ್ನೋಣವಾ, ‘ಸೊನ್ನೆಮಟ್ಟ’ ಅನ್ನೋಣವಾ? ನನ್ನ ಒಲವು ಎರಡನೆಯದಕ್ಕೆ. ಓದಿದ ಕೂಡಲೇ ತಿಳಿಯುತ್ತದೆ.

ರಸ್ತೆ, ಕಾಲುವೆ, ಕಟ್ಟಡದ ಕೆಲಸದಲ್ಲಿ ಮಟ್ಟ ನೋಡುವವರು ಈ ಬಳಗದಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಕೆಲಸದ ಜಾಗದಲ್ಲಿ ‘ಬೆಂಚ್ ಮಾರ್ಕ್’ ಬಿಟ್ಟು ಬೇರೆ ಯಾವುದಾದರೂ ಮಾತು ಬಳಕೆಯಲ್ಲಿದೆಯಾ? ಇದ್ದರೆ ನಾನು ಕಟ್ಟಿದ ಪದಗಳನ್ನು ಬಿಟ್ಟು ಅದನ್ನೇ ಬಳಸುತ್ತೇನೆ.