ದೇಶಕ್ಕೆಲ್ಲ ಒಂದೇ ಅಂಕ ಇಟ್ಟುಕೊಂಡು ಬದಿಯಡ್ಕದ ಅಡಿಕೆ ಹಾಳೆ ತಟ್ಟೆ ಯೂನಿಟ್ಟನ್ನು ಅಳೆಯುವುದು ಹೇಗೆ?

ಗಡಿನಾಡ_ಸ್ಕಾಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ, ಮನೆ ಬದಿಯಡ್ಕದ ಹತ್ತಿರ. ವಿಷಯದ ಹೆಸರು ಉದ್ದ ಉಂಟು: ಮಹಿಳಾ ಉದ್ಯಮ, ರಾಷ್ಟ್ರೀಯ ಸಂಸ್ಕೃತಿ, ಸುಸ್ಥಿರ ಅಂತಾರಾಷ್ಟ್ರೀಯ ವ್ಯಾಪಾರ. ಹೆಸರು ಕೇಳಿ ಹೆದರಬೇಡಿ, ಕೆಲಸ ಪೂರ್ತಿ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಒಳಗೇ. ಹಾಳೆ ತಟ್ಟೆ, ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾಡುವ ಹೆಂಗಸರ ಗುಂಪುಗಳು ಇವೆಯಲ್ಲ, ಅವುಗಳಲ್ಲಿ ಕೆಲವರ ಸಾಮಾನು ಹೊರದೇಶಕ್ಕೆ ಹೋಗುತ್ತದೆ, ಕೆಲವರದ್ದು ಪೇಟೆಯ ಅಂಗಡಿ ದಾಟುವುದಿಲ್ಲ. ಯಾಕೆ? ಇಷ್ಟೇ ನನ್ನ ಪ್ರಶ್ನೆ.

ಗೈಡ್ ಹೋಫ್‌ಸ್ಟೇಡ್ ಹಾಕು ಅಂತಾರೆ, ದೇಶ ದೇಶಗಳ ಸಂಸ್ಕೃತಿಗೆ ಅಂಕ ಕೊಟ್ಟ ಸಂಶೋಧಕರು. ಅವರ ಪಟ್ಟಿಯಲ್ಲಿ ಭಾರತಕ್ಕೆ ಅಧಿಕಾರದ ಅಂತರ (ಮೇಲು ಕೀಳನ್ನು ಒಪ್ಪಿಕೊಳ್ಳುವುದು) 77, 'ಪುರುಷಗುಣ' (ಪೈಪೋಟಿ, ಗೆಲುವಿಗೆ ಕೊಡುವ ಬೆಲೆ) 56, ಅನಿಶ್ಚಿತತೆಗೆ ಹೆದರುವುದು 40. ಸರಿ, ಹಾಕಿದೆ. ಆದರೆ ನಾನು ಮಾತಾಡಿಸಿದ ಹವ್ಯಕರ ಮನೆಯ ಅಕ್ಕನಿಗೂ 56, ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ) ಮನೆಯಲ್ಲಿ ಹುಟ್ಟಿದ ಬಂಟ ಹೆಂಗಸಿಗೂ 56, ಉಪ್ಪಳದ ಬ್ಯಾರಿ ಮನೆಯವರಿಗೂ 56. ಎಲ್ಲರಿಗೂ ಒಂದೇ ಅಂಕ ಇದ್ದ ಮೇಲೆ ಲೆಕ್ಕದಲ್ಲಿ ಅದು ಇದ್ದೂ ಇಲ್ಲದ ಹಾಗೆ ಅಲ್ವಾ? ಇವಳು ಯಾಕೆ ಮುಂದೆ ಹೋದಳು, ಅವಳು ಯಾಕೆ ನಿಂತಳು ಅಂತ ಅದು ಹೇಗೆ ಹೇಳೀತು?

ಇನ್ನೊಂದು ತಲೆಬಿಸಿ. ಒಂದರಿಂದ ಐದರವರೆಗೆ ಟಿಕ್ ಮಾಡುವ ಪ್ರಶ್ನಾವಳಿ ಕೊಟ್ಟರೆ ಎಲ್ಲರೂ ನಾಲ್ಕಕ್ಕೇ ಟಿಕ್ ಹಾಕುತ್ತಾರೆ. "ನಿಂಗೆ ಯಾವುದು ಬೇಕು ಹೇಳು, ಹಾಕ್ತೇನೆ" ಅಂತ ಒಬ್ಬರು ಕೇಳಿಯೇ ಬಿಟ್ಟರು. ದಾರಿ ಗೊತ್ತಿದ್ದವರು ಹೇಳಿ.

ಅಂಕಿಅಂಶ_ಮಾಸ್ಟ್ರು:

ಮೊದಲು ಹೋಫ್‌ಸ್ಟೇಡ್ ಪರವಾಗಿ ಒಂದು ಮಾತು, ಪಾಪ ಅವರಿಗೆ ಸುಮ್ನೆ ಬೈಗುಳ ಜಾಸ್ತಿ. ಆ ಅಂಕಗಳು ಬಂದದ್ದು 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಗೆ ಕೊಟ್ಟ ಪ್ರಶ್ನಾವಳಿಗಳಿಂದ, ಪುಸ್ತಕ ಬಂದದ್ದು 1980ರಲ್ಲಿ. ಇವು ದೇಶಕ್ಕೆ ದೇಶವನ್ನು ಹೋಲಿಸಲಿಕ್ಕೆ, ಒಬ್ಬೊಬ್ಬ ಮನುಷ್ಯನನ್ನು ಅಳೆಯಲಿಕ್ಕೆ ಅಲ್ಲ ಅಂತ ಅವರೇ ಎಚ್ಚರಿಸಿದ್ದಾರೆ. ಕೇಳದೆ ಬಳಸಿದ್ದು ನಾವು. ಜಿಲ್ಲೆಯ ಸರಾಸರಿ ಮಳೆ ಹೇಳಿ, ನಿನ್ನ ಅಂಗಳ ಇಷ್ಟೇ ಒದ್ದೆಯಾಗಿರಬೇಕು ಅಂತ ವಾದ ಮಾಡಿದ ಹಾಗೆ. ಹಾಗಂತ ತಕರಾರು ಇಲ್ಲ ಅಂತಲ್ಲ. ಒಂದು ಕಂಪನಿಯ ನೌಕರರನ್ನು ಕೇಳಿ ಇಡೀ ದೇಶದ ಸಂಸ್ಕೃತಿ ಹೇಳಬಹುದೇ ಅಂತ ಬ್ರೆಂಡನ್ ಮೆಕ್‌ಸ್ವೀನಿ 2002ರಲ್ಲಿ ಚೆನ್ನಾಗಿ ಜಾಡಿಸಿದ್ದಾರೆ. ಅದನ್ನು ಓದಿ ಗೈಡ್ ಮುಂದೆ ಇಡಿ. ನೀವೇ ವಿರೋಧ ಮಾಡಿದ ಹಾಗೆ ಆಗಬಾರದು, ಓದಿದವರು ಹೇಳಿದ್ದಾರೆ ಅಂತ ಆಗಬೇಕು. (ಗೈಡ್ ಜೊತೆ ಬದುಕುವ ಕಲೆ ಇದು.)

ನಿಮಗೆ ಹೆಚ್ಚು ಉಪಯೋಗ ಆಗುವುದು 2009ರ ಬ್ರಶ್, ಡಿ ಬ್ರೂಯಿನ್, ವೆಲ್ಟರ್ ಅವರ ಚೌಕಟ್ಟು. ಉದ್ಯಮ ಅಂದರೆ ಮಾರುಕಟ್ಟೆ, ಹಣ, ನಿರ್ವಹಣೆ ಅಂತ ಮೂರನ್ನೇ ಎಣಿಸುತ್ತಿದ್ದರು. ಇವರು ಇನ್ನೆರಡು ಸೇರಿಸಿದರು. ಒಂದು ತಾಯ್ತನ, ಅಂದರೆ ಮನೆ ಮತ್ತು ಮನೆಯ ಕೆಲಸ. ಇನ್ನೊಂದು ಸುತ್ತಲಿನ ಪರಿಸರ, ಅಂದರೆ ಕಾನೂನು, ಸಮಾಜ, ಊರಿನ ಸಂಘ ಸಂಸ್ಥೆ ಎಲ್ಲ. ನಿಮ್ಮ ಕುಡುಂಬಶ್ರೀ, ಅಂದರೆ ಕೇರಳ ಸರ್ಕಾರದ ಮಹಿಳಾ ಗುಂಪುಗಳ ಯೋಜನೆ, ಸರಿಯಾಗಿ ಆ ಐದನೆಯದ್ದರಲ್ಲಿ ಕೂರುತ್ತದೆ. ಸಂಸ್ಕೃತಿ ಅಂದರೆ 56 ಅಲ್ಲ; ಹಾಲು ಕರೆದು, ಅತ್ತೆಗೆ ಮದ್ದು ಕೊಟ್ಟು, ಆಮೇಲೆ ಯೂನಿಟ್ಟಿಗೆ ಎಷ್ಟು ಗಂಟೆಗೆ ತಲುಪಿದಳು ಅನ್ನುವುದು.

ಒಂದೇ ದೇಶದಲ್ಲಿ ಸಂಸ್ಕೃತಿ ಬೇರೆ ಬೇರೆ ಇರುತ್ತದೆ ಅಂತ ತೋರಿಸಲು ಒಂದು ಒಳ್ಳೆಯ ಉದಾಹರಣೆ ಉಂಟು. ಗ್ನೀಝಿ, ಲೆನರ್ಡ್, ಲಿಸ್ಟ್ ಅಂತ ಮೂವರು 2009ರಲ್ಲಿ ಪ್ರಕಟಿಸಿದ್ದು. ಬಕೆಟ್ಟಿಗೆ ಚೆಂಡು ಎಸೆಯುವ ಆಟ. ಬಿದ್ದ ಚೆಂಡಿಗೆ ಇಷ್ಟು ಅಂತ ದುಡ್ಡು ಬೇಕಾ, ಇಲ್ಲ ಎದುರಾಳಿಯನ್ನು ಸೋಲಿಸಿದರೆ ಮಾತ್ರ ಜಾಸ್ತಿ ದುಡ್ಡು ಬೇಕಾ ಅಂತ ಮೊದಲೇ ಕೇಳುವುದು. ತಾಂಜಾನಿಯದ ಮಾಸಾಯಿಗಳಲ್ಲಿ, ಅಲ್ಲಿ ಗಂಡಸರದ್ದೇ ಯಜಮಾನಿಕೆ, ಪೈಪೋಟಿ ಆರಿಸಿದ್ದು ಗಂಡಸರಲ್ಲಿ 50%, ಹೆಂಗಸರಲ್ಲಿ 26%. ಮೇಘಾಲಯದ ಖಾಸಿಗಳಲ್ಲಿ, ಅಲ್ಲಿ ತಾಯಿಯ ಕಡೆಯಿಂದ ವಂಶ, ಹೆಂಗಸರು 54%, ಗಂಡಸರು 39%. ಖಾಸಿಗಳಿಗೂ ಭಾರತದ ಅದೇ 56 ತಾನೇ? ನಿಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಏನಾಗುತ್ತದೆ ನೋಡಿ.

ತರವಾಡು_ಮನೆ:

ಮಾಸ್ಟ್ರೇ, ಅಲ್ಲೊಂದು ಗುಂಡಿ ಉಂಟು, ಹುಡುಗಿ ಬಿದ್ದಾಳು. ಅಳಿಯಕಟ್ಟು ಅಂದ ಮಾತ್ರಕ್ಕೆ ಹೆಂಗಸು ಯಜಮಾನಿ ಅಲ್ಲ. ಆಸ್ತಿ ಬರುವುದು ಹೆಣ್ಣಿನ ಕಡೆಯಿಂದ, ಬೀಗದ ಕೈ ಹೆಚ್ಚಾಗಿ ಸೋದರಮಾವನ ಸೊಂಟದಲ್ಲಿ. ಮೇಲಿಂದ 1956ರ ಉತ್ತರಾಧಿಕಾರ ಕಾನೂನು, ಆಮೇಲೆ ಕೇರಳದಲ್ಲಿ 1975ರಲ್ಲಿ ಕೂಡುಕುಟುಂಬ ಪದ್ಧತಿಯನ್ನೇ ತೆಗೆದ ಕಾನೂನು. ಈಗ ಜಾಗ ಪಾಲಾಗಿ ಯಾರ ಯಾರ ಹೆಸರಿಗೋ ಹೋಗಿದೆ. ಹಾಗಾಗಿ ಜಾತಿ ಕೇಳಿ ಅಂಕ ಹಾಕಬೇಡಿ. ಜಾಗದ ಪತ್ರ ಯಾರ ಹೆಸರಲ್ಲಿದೆ ಕೇಳಿ. ಅದು ನೆಟ್ಟಗೆ ಉತ್ತರ ಬರುವ ಪ್ರಶ್ನೆ, ನಾಲ್ಕಕ್ಕೆ ಟಿಕ್ ಹಾಕಲಿಕ್ಕೆ ಆಗುವುದಿಲ್ಲ.

ಹಪ್ಪಳದಕ್ಕ:

ತಂಗೀ, ನಾನು ಓದಿದ್ದು ಹತ್ತನೇ ಕ್ಲಾಸು. ಎಂಟು ವರ್ಷದಿಂದ ಗುಂಪಿನಲ್ಲಿ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿದ್ದು) ಮಾಡುತ್ತೇವೆ. ಮೇಲಿನವರು ಹೇಳಿದ ಹೆಸರುಗಳು ನನಗೆ ತಿಳಿಯದು, ಆದರೆ ನಮ್ಮದು ಯಾಕೆ ಹೊರದೇಶಕ್ಕೆ ಹೋಗುವುದಿಲ್ಲ ಅಂತ ಹೇಳಬಲ್ಲೆ.

ಮೊದಲು, ಹೋಗುತ್ತದೆ! ಲೆಕ್ಕಕ್ಕೆ ಸಿಗುವುದಿಲ್ಲ ಅಷ್ಟೇ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹಲಸಿನ ಸೊಳೆ ಬೇಯಿಸಿ, ರುಬ್ಬಿ, ಒತ್ತಿ, ಒಣಗಿಸಿದ ಹಪ್ಪಳದಲ್ಲಿ ಒಳ್ಳೆಯ ಪಾಲು ದುಬೈ, ಶಾರ್ಜಾಕ್ಕೇ ಹೋಗುವುದು. ಯಾರದ್ದೋ ಮಗ ರಜೆ ಮುಗಿಸಿ ಹೋಗುವಾಗ ಬ್ಯಾಗಿನಲ್ಲಿ. ಬಿಲ್ಲೂ ಇಲ್ಲ, ಲೈಸನ್ಸೂ ಇಲ್ಲ, ದುಡ್ಡು ಮಾತ್ರ ಸರಿಯಾಗಿ ಬರುತ್ತದೆ. ನಿನ್ನ ಪ್ರಶ್ನಾವಳಿಯಲ್ಲಿ "ನೀವು ರಫ್ತು ಮಾಡುತ್ತೀರಾ" ಅಂತ ಇದ್ದರೆ ನಾನು ಇಲ್ಲ ಅಂತಲೇ ಬರೆಯುವುದು.

ಸರಿಯಾದ ದಾರಿಯಲ್ಲಿ ಕಳಿಸಬೇಕು ಅಂತ ಒಮ್ಮೆ ಹೊರಟದ್ದು ಉಂಟು. ಸಾಲಕ್ಕೆ ಹೋದರೆ ಬ್ಯಾಂಕಿನಲ್ಲಿ ಯಜಮಾನರನ್ನು ಕರೆದುಕೊಂಡು ಬನ್ನಿ ಅಂದರು. ಯಾವ ಬ್ಯಾಂಕು ಅಂತ ಕೇಳಬೇಡಿ. ಅರ್ಜಿ ಎಲ್ಲ ಮಲಯಾಳದಲ್ಲಿ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ನಮ್ಮ ಪ್ರಾಯದವರು ಕನ್ನಡ ಶಾಲೆಗೆ ಹೋದವರು. ಮಗಳು ಓದಿ ಹೇಳಬೇಕು, ಅವಳಿಗೆ ಪರೀಕ್ಷೆ ಇದ್ದರೆ ಅರ್ಜಿ ಅಲ್ಲೇ ಬಾಕಿ. ಇದು ಯಾವ ಸಂಸ್ಕೃತಿಗೆ ಸೇರುತ್ತದೆ ನೀನೇ ಹೇಳು.

ಮತ್ತೆ ಲಿಜ್ಜತ್ ಉದಾಹರಣೆ. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲದಲ್ಲಿ ಶುರು ಮಾಡಿದ್ದು ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ನಾವೂ ಚಪ್ಪಾಳೆ ತಟ್ಟುತ್ತೇವೆ. ಅವರದ್ದು ಉದ್ದಿನ ಹಪ್ಪಳ, ವರ್ಷವಿಡೀ ಆಗುತ್ತದೆ. ನಮ್ಮ ಹಲಸು ಎರಡು ತಿಂಗಳು, ಅದರಲ್ಲೂ ಬಿಸಿಲು ಬೇಕು. ಇದನ್ನು ತರಬೇತಿಯವರು ಹೇಳುವುದಿಲ್ಲ.

ಉಪ್ಪಳ_ರಿಟರ್ನ್:

ಹಪ್ಪಳದಕ್ಕ, ಆ ಬ್ಯಾಗು ಹೊತ್ತವರಲ್ಲಿ ನಾನೂ ಒಬ್ಬ, ಹತ್ತು ವರ್ಷ ಹೊತ್ತಿದ್ದೇನೆ. ಮಾಂಬಳ ಒಮ್ಮೆ ಕರಗಿ ಅಂಗಿ ಎಲ್ಲ ಅಂಟಾದದ್ದು ಈಗಲೂ ನೆನಪುಂಟು.

ಎಂಬಿಎ ಮಾಡುವಾಗ 'ಉಪ್ಸಾಲ ಮಾದರಿ' ಅಂತ ಒಂದು ಪಾಠ ಇತ್ತು. ನಮ್ಮ ಉಪ್ಪಳ ಅಂತ ತಿಳಿದು ಖುಷಿಪಟ್ಟೆ, ನೋಡಿದರೆ ಸ್ವೀಡನ್ನಿನ ಊರು! ಯೊಹಾನ್ಸನ್, ವಾಲ್ನೆ ಅನ್ನುವವರು 1977ರಲ್ಲಿ ಹೇಳಿದ್ದು. ಕಂಪನಿಗಳು ಒಮ್ಮೆಲೇ ದೂರಕ್ಕೆ ಹಾರುವುದಿಲ್ಲ, ಮೊದಲು 'ಮಾನಸಿಕ ದೂರ' ಕಡಿಮೆ ಇರುವ ದೇಶಕ್ಕೆ ಹೋಗಿ, ಕಲಿತು, ಆಮೇಲೆ ಮುಂದೆ ಹೋಗುತ್ತವೆ ಅಂತ. ನಮಗೆ ಹತ್ತಿರ ಯಾವುದು ಹೇಳಿ? ದಿಲ್ಲಿಯಾ, ಶಾರ್ಜಾವಾ? ಉಪ್ಪಳದ ಅಜ್ಜಿಗೆ ಶಾರ್ಜಾದ ಯಾವ ಗಲ್ಲಿಯಲ್ಲಿ ಯಾರ ಅಂಗಡಿ ಅಂತ ಗೊತ್ತುಂಟು. 1988ರಲ್ಲಿ ಕೊಗುಟ್, ಸಿಂಗ್ ಅವರು ಹೋಫ್‌ಸ್ಟೇಡ್ ಅಂಕಗಳಿಂದ ಎರಡು ದೇಶಗಳ ನಡುವಿನ ಸಾಂಸ್ಕೃತಿಕ ದೂರ ಲೆಕ್ಕ ಹಾಕುವ ಸೂತ್ರ ಮಾಡಿದರು. ಅದರಲ್ಲಿ ಈ ಅಜ್ಜಿಗೆ ಜಾಗ ಇಲ್ಲ. ನೀವು ಗಲ್ಫಿನಲ್ಲಿ ನೆಂಟರು ಇದ್ದಾರಾ, ಎಷ್ಟು ಜನ, ವರ್ಷಕ್ಕೆ ಎಷ್ಟು ಸಲ ಬರುತ್ತಾರೆ ಕೇಳಿ. ನಿಮ್ಮ ಸಂಸ್ಕೃತಿಯ ಅಳತೆ ಅದೇ.

ಸುಸ್ಥಿರತೆ ಬಗ್ಗೆ ಯಾರೂ ಹೇಳಲಿಲ್ಲ. ಹಾಳೆ ತಟ್ಟೆಯಲ್ಲಿ ನನಗೆ ಕೈ ಸುಟ್ಟಿದೆ, ಅದಕ್ಕೇ ಹೇಳುತ್ತೇನೆ. 2021ರ ಜುಲೈಯಿಂದ ಯುರೋಪಿನಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ನಿಷೇಧ, 2022ರ ಜುಲೈಯಲ್ಲಿ ನಮ್ಮಲ್ಲೂ ಬಂತು. ತೋಟದಲ್ಲಿ ಬಿದ್ದ ಹಾಳೆ, ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಬೇರೆ ಎಂತದೂ ಬೇಡ. ಇದಕ್ಕಿಂತ ಪರಿಸರಸ್ನೇಹಿ ಯಾವುದು ಅಂತ ಎಲ್ಲರೂ ಮೆಷಿನ್ ತೆಗೆದುಕೊಂಡರು. 2025ರ ಮೇಯಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಮಾರಬೇಡಿ, ಬಳಸಬೇಡಿ ಅಂದಿತು. ಹಾಳೆಯಲ್ಲಿ ಇರುವ ಅರೆಕೋಲಿನ್‌ನಂಥ, ಆರೋಗ್ಯಕ್ಕೆ ಒಳ್ಳೆಯದಲ್ಲದ ಅಂಶಗಳು ಊಟಕ್ಕೆ ಸೇರಬಹುದು ಅನ್ನುವುದು ಅವರ ಕಾರಣ. ನನ್ನ ಖರೀದಿದಾರ ಮರುವಾರವೇ ಫೋನ್ ಎತ್ತುವುದು ಬಿಟ್ಟ. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ, ಆಹಾರದ ಸುರಕ್ಷತೆ ಬೇರೆಯೇ ವಿಷಯ. ಆದರೆ ಮೆಷಿನ್ನಿನ ಸಾಲ ಇದ್ದದ್ದು ತಟ್ಟೆ ಒತ್ತುವ ಹೆಂಗಸರ ಹೆಸರಲ್ಲಿ. ನಿಮ್ಮ ಪ್ರಬಂಧದಲ್ಲಿ ಒಂದೇ ಅಧ್ಯಾಯ ಗಟ್ಟಿ ಮಾಡುವುದಾದರೆ ಇದನ್ನು ಮಾಡಿ: ಸುಸ್ಥಿರ ಅಂತ ಠರಾಯಿಸುವವರು ಯಾರು, ಅದು ಬದಲಾದಾಗ ನಷ್ಟ ಬರುವುದು ಯಾರಿಗೆ.

ಗಡಿನಾಡ_ಸ್ಕಾಲರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಫ್‌ಸ್ಟೇಡ್ ಬಿಡುವುದಿಲ್ಲ, ಗೈಡ್ ಬಿಡಲೂ ಬಿಡರು. ಎರಡನೇ ಅಧ್ಯಾಯದಲ್ಲಿ ಮೆಕ್‌ಸ್ವೀನಿ ಪಕ್ಕದಲ್ಲಿ ಕೂರಿಸುತ್ತೇನೆ. ಟಿಕ್ ಹಾಕುವ ಪ್ರಶ್ನಾವಳಿ ಅರ್ಧಕ್ಕರ್ಧ ಕಡಿಮೆ ಮಾಡಿ ಜಾಗದ ಪತ್ರ, ಅರ್ಜಿಯ ಭಾಷೆ, ಗಲ್ಫಿನ ನೆಂಟರು, ಸಾಲ ಯಾರ ಹೆಸರಲ್ಲಿ, ಇಷ್ಟನ್ನು ನೇರವಾಗಿ ಕೇಳುತ್ತೇನೆ. 'ರಫ್ತು' ಅನ್ನುವ ಶಬ್ದ ತೆಗೆದು "ನಿಮ್ಮ ಸಾಮಾನು ಯಾವ ಯಾವ ಊರಿಗೆ, ಯಾರ ಕೈಯಲ್ಲಿ ಹೋಗುತ್ತದೆ" ಅಂತ ಬರೆದೆ.

ಹಪ್ಪಳದಕ್ಕ, ಬರುವ ಶನಿವಾರ ನಿಮ್ಮ ಯೂನಿಟ್ಟಿಗೆ ಬರಬಹುದಾ?

ಹಪ್ಪಳದಕ್ಕ:

ಬಾ, ಆದರೆ ಹನ್ನೊಂದರ ನಂತರ ಬಾ, ಮೊದಲು ಬಂದರೆ ಹಪ್ಪಳ ಒತ್ತಲು ಕೂರಿಸುತ್ತೇನೆ. ಕಾಗದದಲ್ಲಿ ಬರೆದು ತಂದದ್ದು ಕನ್ನಡದಲ್ಲಿ ಇರಲಿ.