ಶಾಲೇಲಿ 90 ಹಳೇ ಟ್ಯೂಬ್ ಲೈಟ್ ಬಿದ್ದಿದೆ, ಗುಂಡಿ ತೋಡಿ ಹೂಳ್ಬೋದಾ?

ತಿಪಟೂರು_ಟೀಚರ್

ಎಲ್ರಿಗೂ ನಮಸ್ಕಾರ. ನಾನು ತಿಪಟೂರು ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಟೀಚರ್. ಹೋದ ತಿಂಗ್ಳು ದಾನಿಗಳೊಬ್ರು ಎಲ್ಲಾ ಕ್ಲಾಸ್‌ರೂಮಿಗೂ ಎಲ್‌ಇಡಿ ಹಾಕಿಸ್ಕೊಟ್ರು, ತುಂಬಾ ಒಳ್ಳೇದಾಯ್ತು, ಆದ್ರೆ ಬಿಚ್ಚಿದ ಹಳೇ ಟ್ಯೂಬ್ ಎಲ್ಲಾ ಸ್ಟೇಜ್ ಹಿಂದಿನ ರೂಮಲ್ಲಿ ಗೋಡೆಗೆ ಒರಗಿಸಿಟ್ಟು ಹೋಗ್ಬಿಟ್ಟಿದಾರೆ. ನಾನೇ ನಿಂತು ಎಣಿಸ್ದೆ, ಉದ್ದದ್ದು 90 ಇದೆ, ಅದ್ರ ಜೊತೆಗೆ ಒಂದು ಬಕೆಟ್ ತುಂಬಾ ಸಿಎಫ್‌ಎಲ್. ಗುಜರಿಯವ್ರನ್ನ ಕರೆಸಿದ್ವಿ, ಅವ್ರು ಚೋಕು, ತಗಡಿನ ಪಟ್ಟಿ ಎಲ್ಲಾ ತೂಕ ಹಾಕ್ಕೊಂಡು ಹೋದ್ರು, ಟ್ಯೂಬ್ ಮಾತ್ರ ಬೇಡ ಅಂದ್ರು, ಬೇಕಾದ್ರೆ ನೀವೇ ಒಡೆದು ಎರಡೂ ತುದೀಲಿರೋ ಅಲ್ಯೂಮಿನಿಯಂ ಕ್ಯಾಪ್ ಬಿಡಿಸಿ ಇಡಿ ಅದನ್ನ ತಗೋತೀವಿ ಅಂದ್ರು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಶಾಲೆ ಹಿಂದೆ ಜೆಸಿಬಿಲಿ ಒಂದು ಗುಂಡಿ ತೆಗ್ಸಿ ಹೂಳ್ಬಿಡೋಣ ಅಂತ ಮಾತಾಯ್ತು. ಆ ಜಾಗಕ್ಕೆ ನಮ್ಮ ಬೋರ್‌ವೆಲ್ ನಲವತ್ತು ಅಡಿ ಕೂಡ ಇಲ್ಲ, ಬಿಸಿಯೂಟಕ್ಕೆ ಅದೇ ನೀರು. ನಾನು ಬೇಡ ಅಂದೆ, ಯಾಕೆ ಅಂತ ಕೇಳಿದ್ರೆ ಪಾದರಸ ಇರುತ್ತೆ ಅಂದೆ, ಎಷ್ಟಿರುತ್ತೆ ಅಂತ ಕೇಳಿದ್ರು, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ (ನಾನು ಸಮಾಜ ವಿಜ್ಞಾನದವಳು).

ಇದ್ರ ಮಧ್ಯೆ ಮೊನ್ನೆ ಒಂಬತ್ತನೇ ಕ್ಲಾಸಿನ ಇಬ್ರು ಹುಡುಗ್ರು ಕತ್ತಿ ವರಸೆ ಆಡೋಕೆ ಹೋಗಿ ಎರಡು ಟ್ಯೂಬ್ ಒಡೆದಾಕಿದ್ರು. ಅಡುಗೆ ಅಮ್ಮ ಪೊರಕೇಲಿ ಗುಡಿಸಿ ತೆಂಗಿನ ಮರದ ಪಾತಿಗೆ ಸುರಿದ್ರು. ಅವತ್ತಿಂದ ನನಗೆ ಸಮಾಧಾನ ಇಲ್ಲ. ಉಳಿದಿರೋ 88ನ ಏನು ಮಾಡ್ಬೇಕು, ಒಡೆದ ಜಾಗಕ್ಕೆ ಏನು ಮಾಡ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ವೈರಿಂಗ್_ಕೆಲಸ

ಮೇಡಂ ಮೊದಲು ಒಂದು ಹೇಳ್ತೀನಿ, ಆ ಟ್ಯೂಬ್‌ಗಳು ಒಡೀದೆ ಇರೋ ತನಕ ಅದ್ರಿಂದ ಏನೂ ತೊಂದ್ರೆ ಇಲ್ಲ, ಒಳಗಿರೋದು ಒಳಗೇ ಇರುತ್ತೆ, ಅದಕ್ಕೆ ಇವತ್ತೇ ಏನೋ ಮಾಡಿ ಮುಗಿಸ್ಬೇಕು ಅಂತ ಅವಸರ ಬೇಡ. ಅವಸರ ಇರೋದು ಗೋಡೆಗೆ ಒರಗಿಸಿಟ್ಟಿದಾರಲ್ಲ ಅದಕ್ಕೆ. ನಿಲ್ಸಿಟ್ಟ ಟ್ಯೂಬ್ ಒಂದು ಜಾರಿದ್ರೆ ಹತ್ತು ಹೋಗುತ್ತೆ, ನಾನು 20 ವರ್ಷದಿಂದ ವೈರಿಂಗ್ ಮಾಡ್ತಿದೀನಿ ಎಷ್ಟು ಕಡೆ ನೋಡಿದೀನಿ.

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಹೊಸ ಎಲ್‌ಇಡಿ ಬ್ಯಾಟನ್ (ಟ್ಯೂಬ್ ತರದ ಉದ್ದ ಲೈಟು) ಬಂದಿರೋ ಉದ್ದದ ರಟ್ಟಿನ ಪೆಟ್ಟಿಗೆ ಕೇಳಿ, ಸುಮ್ನೆ ಕೊಡ್ತಾರೆ. ಮಲಗಿಸಿ ಇಡಿ, ಒಂದು ಸಾಲು ಟ್ಯೂಬ್ ಮೇಲೆ ನ್ಯೂಸ್ ಪೇಪರ್, ಮತ್ತೆ ಒಂದು ಸಾಲು, ಒಂದು ಪೆಟ್ಟಿಗೆಗೆ ಇಪ್ಪತ್ತೈದರ ಮೇಲೆ ಬೇಡ, ಎತ್ತೋವಾಗ ನಡು ಬಗ್ಗಿದ್ರೆ ಎಲ್ಲಾ ಒಡೆಯುತ್ತೆ. ಟೇಪ್ ಹಾಕಿ ಗಟ್ಟಿಯಾಗಿ ಸುತ್ತೋಕೆ ಹೋಗ್ಬೇಡಿ, ಬಿಗಿ ಆದ್ರೂ ಒಡೆಯುತ್ತೆ. ಸಿಎಫ್‌ಎಲ್‌ನ ಗಾಜು ಹಿಡ್ಕೊಂಡು ಎತ್ಬೇಡಿ, ಕೆಳಗಿನ ಪ್ಲಾಸ್ಟಿಕ್ ಹಿಡಿದು ಮೊಟ್ಟೆ ಟ್ರೇ ಒಳಗೆ ಕೂರಿಸಿ. ಮತ್ತೆ ಕ್ಯಾಪ್‌ಗೋಸ್ಕರ ಒಡೆಯೋ ಮಾತು ಯಾರೂ ಎತ್ಬಾರ್ದು, ಆ ಎರಡು ಕ್ಯಾಪ್‌ಗೆ ಸಿಗೋದು ಒಂದು ಟೀ ದುಡ್ಡೂ ಇಲ್ಲ.

ದಪ್ಪ ಎಷ್ಟಿದೆ ನೋಡಿ ಹೇಳಿ. ಒಂದೂವರೆ ಇಂಚು ದಪ್ಪದ್ದು ಹಳೇ 40 ವ್ಯಾಟ್, ಒಂದು ಇಂಚಿನದು ಆಮೇಲೆ ಬಂದ 36 ವ್ಯಾಟ್, ಬೆರಳು ಗಾತ್ರದ್ದು ಟಿ5. ದಪ್ಪದ್ದರಲ್ಲೇ ಪಾದರಸ ಜಾಸ್ತಿ.

ಪಿಯು_ಕೆಮಿಸ್ಟ್ರಿ

ಮೇಡಂ, ಮುಂದಿನ ಮೀಟಿಂಗಲ್ಲಿ ಹೇಳೋಕೆ ಬೇಕಾಗೋ ಲೆಕ್ಕ ನಾನು ಕೊಡ್ತೀನಿ.

ಟ್ಯೂಬ್ ಒಳಗೆ ಇರೋದು ಸ್ವಲ್ಪ ಆರ್ಗಾನ್ ಅನಿಲ, ತೀರಾ ಸ್ವಲ್ಪ ಪಾದರಸ. ಕರೆಂಟ್ ಹರಿದಾಗ ಪಾದರಸದ ಆವಿಯಿಂದ ಅತಿನೇರಳೆ ಕಿರಣ ಬರುತ್ತೆ, ಅದು ಕಣ್ಣಿಗೆ ಕಾಣಲ್ಲ, ಗಾಜಿನ ಒಳಗೋಡೆಗೆ ಬಳಿದಿರೋ ಬಿಳಿ ಪುಡಿಗೆ ಬಿದ್ದು ನಮಗೆ ಕಾಣೋ ಬೆಳಕಾಗುತ್ತೆ. ಅಂದ್ರೆ ಪಾದರಸ ಇಲ್ದೆ ಟ್ಯೂಬ್ ಲೈಟೇ ಇಲ್ಲ. ಹಳೇ ದಪ್ಪ ಟ್ಯೂಬಲ್ಲಿ ಹತ್ತಾರು ಮಿಲಿಗ್ರಾಂ ಇರ್ತಿತ್ತು, ಆಮೇಲಿನ ಒಳ್ಳೆ ಟ್ಯೂಬಲ್ಲಿ ಮೂರರಿಂದ ಹತ್ತು ಮಿಲಿಗ್ರಾಂ, ಸಿಎಫ್‌ಎಲ್‌ನಲ್ಲಿ ಐದರ ಒಳಗೆ. ಯಾಕೆ ಇಷ್ಟು ವ್ಯತ್ಯಾಸ ಅಂದ್ರೆ ಮೊದಲು ಕಾರ್ಖಾನೇಲಿ ದ್ರವ ಪಾದರಸನ ಹನಿ ಹಾಕ್ತಿದ್ರು, ಅಳತೆ ನಿಲ್ತಿರ್ಲಿಲ್ಲ, ಜಾಸ್ತಿನೇ ಬೀಳ್ತಿತ್ತು. ಬೇರೆ ಲೋಹದ ಜೊತೆ ಸೇರಿಸಿದ ಗುಳಿಗೆ ಹಾಕೋದು ಬಂದ್ಮೇಲೆ ಕಮ್ಮಿ ಆಯ್ತು.

ಮಿಲಿಗ್ರಾಂ ಅಂದ ತಕ್ಷಣ ಜನ ನಗ್ತಾರೆ. ಆದ್ರೆ ಪಾದರಸದ ವಿಷಯದಲ್ಲಿ ನುಂಗೋದಕ್ಕಿಂತ ಉಸಿರಾಡೋದು ಕೆಟ್ಟದ್ದು. ದ್ರವ ಪಾದರಸ ಹೊಟ್ಟೆಗೆ ಹೋದ್ರೆ ಹೆಚ್ಚುಕಮ್ಮಿ ಎಲ್ಲಾ ಹಾಗೇ ಆಚೆ ಹೋಗುತ್ತೆ, ಆವಿ ಶ್ವಾಸಕೋಶಕ್ಕೆ ಹೋದ್ರೆ ಸುಮಾರು ಶೇ. 80 ರಕ್ತ ಸೇರುತ್ತೆ, ಅಲ್ಲಿಂದ ಮೆದುಳು, ಕಿಡ್ನಿ. ಒಡೆದ ಟ್ಯೂಬಿಂದ ಒಂದೇ ಸಲ ಬರಲ್ಲ, ಅಮೆರಿಕದ ನ್ಯೂಜೆರ್ಸಿಲಿ ಪರೀಕ್ಷೆ ಮಾಡಿ ನೋಡಿದಾಗ ಎರಡು ವಾರದಲ್ಲಿ ಒಳಗಿದ್ದ ಪಾದರಸದ ಶೇ. 17ರಿಂದ 40 ಗಾಳಿ ಸೇರಿತ್ತು, ಹಂಗೆ ಬಂದಿದ್ದರಲ್ಲಿ ಮೂರನೇ ಒಂದು ಭಾಗ ಮೊದಲ 8 ಗಂಟೇಲೇ ಬಂದಿತ್ತು. ಸೆಕೆ ಜಾಸ್ತಿ ಇದ್ದಷ್ಟೂ ಬೇಗ.

ಗುಂಡಿ ಖಂಡಿತ ಬೇಡ. ಪಾದರಸ ಒಂದು ಧಾತು, ಅದು ಕೊಳೆಯಲ್ಲ, ನೂರು ವರ್ಷ ಬಿಟ್ಟು ತೆಗೆದ್ರೂ ಪಾದರಸನೇ. ಕೆರೆಯಂಥ ಕಡೆ ಸೇರಿದ್ರೆ ಕೆಸರಿನ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಪಾದರಸ ಮಾಡುತ್ತೆ, ಅಲ್ಲಿಂದ ಮೀನು, ಮೀನಿಂದ ಮನುಷ್ಯ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆ ಇದೇ, ಅಲ್ಲಿ ಕಾರ್ಖಾನೆ ನೀರು ಸಮುದ್ರಕ್ಕೆ ಬಿಟ್ಟಿದ್ರು. ಸುಡೋದು ಇನ್ನೂ ಕೆಟ್ಟದ್ದು, ಇರೋದೆಲ್ಲಾ ಒಂದೇ ಸಲ ಆವಿ.

ಹುಡುಗ್ರು ಒಡೆದಿದ್ದಕ್ಕೆ ಗಾಬರಿ ಬೇಡ. ರೂಮಿನ ಕಿಟಕಿ ಬಾಗಿಲು ನಾಲ್ಕೈದು ದಿನ ಪೂರ್ತಿ ತೆಗೆದಿಡಿ, ಮಕ್ಕಳನ್ನ ಬಿಡ್ಬೇಡಿ. ಇನ್ಮೇಲೆ ಒಡೆದ್ರೆ ಎಲ್ರೂ ಆಚೆ ಬರ್ಬೇಕು, ಫ್ಯಾನ್ ಆಫ್, ಕಿಟಕಿ ತೆಗೆದು ಹತ್ತು ನಿಮಿಷ ಬಿಟ್ಟು ಒಳಗೆ ಹೋಗಿ. ಪೊರಕೆ ಮುಟ್ಬಾರ್ದು, ಪುಡಿ ಎಲ್ಲಾ ಎದ್ದು ಹರಡುತ್ತೆ, ಪೊರಕೆಗೂ ಮೆತ್ಕೊಳ್ಳುತ್ತೆ. ಗಟ್ಟಿ ರಟ್ಟಿನ ಎರಡು ತುಂಡಲ್ಲಿ ಬಳಿದು ಎತ್ತಿ, ಉಳಿದ ಪುಡಿಗೆ ಅಗಲದ ಟೇಪ್ ಅಂಟಿಸಿ ಎತ್ತಿ, ಕೊನೆಗೆ ಒದ್ದೆ ಕಾಗದದಲ್ಲಿ ಒರೆಸಿ, ಆ ಕಾಗದ ಸಮೇತ ಎಲ್ಲಾ ಉಪ್ಪಿನಕಾಯಿ ಗಾಜಿನ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ತೆಂಗಿನ ಪಾತಿಲಿರೋದನ್ನ ಗ್ಲೌಸ್ ಹಾಕ್ಕೊಂಡು ಮೇಲಿನ ಎರಡಿಂಚು ಮಣ್ಣಿನ ಸಮೇತ ಎತ್ತಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಡಿ, ಟ್ಯೂಬ್ ಜೊತೆಗೇ ಕಳಿಸ್ಬೋದು.

ಕೃಷ್ಣಾ_ದಂಡಿ

ಎಲ್ಲಾರೂ ಹೇಳೋದು ಖರೆ ಅದ ರೀ, ಆದ್ರ ಒಂದು ಮಾತು ನಾ ಹೇಳ್ಬೇಕು. ನಾನು ರಾಯಚೂರಿನಾಂವ, ಶಕ್ತಿನಗರದ 1720 ಮೆಗಾವ್ಯಾಟ್ ಥರ್ಮಲ್ ಪ್ಲಾಂಟಿನ ಬೂದಿ ನೋಡ್ಕೊಂತ ಬೆಳದಾಂವ. ಕಲ್ಲಿದ್ದಲಿನಾಗೂ ಪಾದರಸ ಇರ್ತದ, ಸುಟ್ಟಾಗ ಚಿಮಣಿಯಿಂದ ಮ್ಯಾಲ ಹೋಗ್ತದ. ಸಿಎಫ್‌ಎಲ್ ಬಂದಾಗ ಕರೆಂಟ್ ಉಳಿತು, ಅಷ್ಟು ಕಲ್ಲಿದ್ದಲು ಉಳಿತು, ಅದ್ರಾಗ ಇದ್ದ ಪಾದರಸಾನೂ ಉಳಿತು. ಹಳೇ ಜ್ವರದ ಥರ್ಮಾಮೀಟರಿನಾಗ ಅರ್ಧ ಗ್ರಾಂ ಮ್ಯಾಲೇ ಇರ್ತಿತ್ತು, ಅಂದ್ರ ನೂರು ಸಿಎಫ್‌ಎಲ್‌ಗೆ ಸಮ. ಮನ್ಯಾಗ ಅದು ಒಡದಾಗ ಆ ಗುಂಡು ಅಂಗೈ ಮ್ಯಾಲ ಹಾಕ್ಕೊಂಡು ಆಡಿದ್ವಿ. ಹಂಗಂತ ನಿರ್ಲಕ್ಷ್ಯ ಮಾಡ್ರಿ ಅನ್ನಾಕತ್ತಿಲ್ಲ, ಮಂದಿ ಹೆದರಿ ಹೆದರಿ ರಾತ್ರಿ ಹೋಗಿ ಕೆನಾಲಿಗೆ ಒಗದು ಬರ್ತಾರ, ಅದು ಆಗ್ಬಾರ್ದು ಅಂತ ಹೇಳಾಕತ್ತೀನಿ.

ಪಿಯು_ಕೆಮಿಸ್ಟ್ರಿ

ಒಪ್ತೀನಿ ಸರ್, ಹೆದರಿಸೋದು ತಪ್ಪು, ಮತ್ತೆ ಕಲ್ಲಿದ್ದಲಿನ ಮಾತು ಆ ಕಾಲಕ್ಕೆ ಸರಿಯಾಗೇ ಇತ್ತು. ಆದ್ರೆ ಈಗ ಹೋಲಿಕೆ ಹಳೇ ತಂತಿ ಬಲ್ಬಿನ ಜೊತೆ ಅಲ್ಲ, ಎಲ್‌ಇಡಿ ಜೊತೆ. 36 ವ್ಯಾಟ್ ಟ್ಯೂಬ್, ತಾಮ್ರದ ಚೋಕ್ ಸೇರಿ ಐವತ್ತರ ಹತ್ರ ಎಳೆಯುತ್ತೆ, ಎಲ್‌ಇಡಿ ಬ್ಯಾಟನ್ 20ರಲ್ಲಿ ಮುಗಿಯುತ್ತೆ, ಪಾದರಸನೂ ಇಲ್ಲ. ಪಾದರಸದ ಬಳಕೆ ಕಮ್ಮಿ ಮಾಡೋಕೆ ದೇಶಗಳು ಮಾಡ್ಕೊಂಡಿರೋ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರ್ತು, 2023ರ ಜಿನೀವಾ ಸಭೇಲಿ ಮಾಮೂಲಿ ಬೆಳಕಿನ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು, ರಫ್ತು ಎಲ್ಲಾ 2027ರೊಳಗೆ ನಿಲ್ಲಿಸೋದು ಅಂತ ದೇಶಗಳು ಒಪ್ಕೊಂಡಿವೆ. ಹೊಸದು ಬರೋದು ನಿಲ್ಲುತ್ತೆ, ಆದ್ರೆ ಈಗಾಗ್ಲೇ ಮನೆ, ಶಾಲೆ, ಛತ್ರ, ಆಫೀಸಲ್ಲಿ ನೇತಾಡ್ತಿರೋದೆಲ್ಲಾ ಇನ್ನು ಕೆಲವೇ ವರ್ಷದಲ್ಲಿ ಒಟ್ಟೊಟ್ಟಿಗೆ ಕೆಳಗೆ ಇಳಿಯುತ್ತಲ್ಲ, ನನ್ನ ಚಿಂತೆ ಅದು.

ಅಮ್ಮನ_ಮಗಳು

ನಮ್ಮಮ್ಮ 19 ವರ್ಷ ಪೌರಕಾರ್ಮಿಕರಾಗಿ ಕೆಲಸ ಮಾಡಿದ್ರು, ಯಾವ ಊರು ಅಂತ ಬೇಡ. ಟ್ಯೂಬ್ ಲೈಟನ್ನ ಜನ ಒಣ ಕಸದ ಜೊತೆ ಗಾಡಿಗೆ ಕೊಡಲ್ಲ, ಲೈಟ್ ಕಂಬಕ್ಕೋ ಕಾಂಪೌಂಡಿಗೋ ಒರಗಿಸಿ ಹೋಗ್ತಾರೆ, ಮುರಿದು ಹಸಿ ಕಸದ ಕವರೊಳಗೆ ತುರುಕಿರೋದೂ ಇರುತ್ತೆ. ಅಮ್ಮ ಬರೀ ಕೈಲಿ ಆ ಕವರ್ ಎತ್ತಿ ಕೈ ಕುಯ್ಸ್ಕೊಂಡಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಲಾರಿಲಿ ಕಸ ಒತ್ತೋವಾಗ ಟ್ಯೂಬ್ ಪಟ್ ಅಂತ ಸಿಡಿದು ಬಿಳಿ ಪುಡಿ ಮುಖಕ್ಕೆ ಬರುತ್ತೆ, ಸೆರಗು ಅಡ್ಡ ಇಟ್ಕೋತಿದ್ರು ಅಷ್ಟೇ. ಅದ್ರಲ್ಲಿ ಪಾದರಸ ಇದೆ ಅಂತ ಅವ್ರಿಗೆ ಯಾರೂ ಹೇಳಿರ್ಲಿಲ್ಲ, ನಾನು ಡಿಗ್ರಿ ಓದೋವಾಗ ಮನೇಲಿ ಹೇಳಿದ್ದೇ ಮೊದಲು. ಒಂದು ಟ್ಯೂಬಲ್ಲಿ ಐದು ಮಿಲಿಗ್ರಾಂ ಅಷ್ಟೇ ಅಂತ ನೀವು ಲೆಕ್ಕ ಹಾಕ್ಬೋದು, ಅದು ಒಂದು ಮನೆಗೆ ವರ್ಷಕ್ಕೊಂದು ಟ್ಯೂಬ್. ಅಮ್ಮನಿಗೆ ಒಂದು ವಾರ್ಡಿನ ಎಲ್ಲಾ ಮನೇದು.

ಟೀಚರ್, ನಿಮ್ಮ ಅಡುಗೆ ಅಮ್ಮಂಗೆ ಒಂದು ಸಲ ಕೂರಿಸ್ಕೊಂಡು ಹೇಳಿ ಪ್ಲೀಸ್, ಯಾಕೆ ಪೊರಕೆ ಬೇಡ ಅಂತ. ಬೈಯೋ ತರ ಅಲ್ಲ, ಅವ್ರ ಒಳ್ಳೇದಕ್ಕೆ ಅಂತ ಗೊತ್ತಾಗೋ ಹಾಗೆ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ

ಮೇಲಿನ ಪೋಸ್ಟ್ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮದು ಬೆಂಗಳೂರಲ್ಲಿ 140 ಮನೆ ಅಪಾರ್ಟ್‌ಮೆಂಟು, ಮೂರು ವರ್ಷದಿಂದ ಟ್ಯೂಬ್, ಸಿಎಫ್‌ಎಲ್ ಬೇರೆ ಮಾಡ್ತಿದೀವಿ, ಅನುಭವ ಹೇಳ್ತೀನಿ.

2016ರ ಘನತ್ಯಾಜ್ಯ ನಿಯಮದಲ್ಲಿ ಟ್ಯೂಬ್ ಲೈಟ್, ಸಿಎಫ್‌ಎಲ್ ಎರಡನ್ನೂ ಮನೆಯ ಅಪಾಯಕಾರಿ ಕಸ ಅಂತ ಹೆಸರು ಹೇಳೇ ಸೇರಿಸಿದ್ರು, ಇಂಥ ಕಸಕ್ಕೆ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಸ್ಥಳೀಯ ಸಂಸ್ಥೆ ಮಾಡ್ಬೇಕು ಅಂತಲೂ ಇತ್ತು. ಅದೇ ವರ್ಷದ ಇ-ತ್ಯಾಜ್ಯ ನಿಯಮದಲ್ಲಿ ಪಾದರಸದ ದೀಪಗಳೂ ಬಂದ್ವು, ತಯಾರಿಸಿದ ಕಂಪ್ನಿಗೇ ವಾಪಸ್ ತಗೊಳ್ಳೋ ಜವಾಬ್ದಾರಿ ಹಾಕಿದ್ರು. ಕಾಗದದ ಮೇಲೆ ಎಲ್ಲಾ ಇತ್ತು. ನಾನು ಕೊಂಡ ಅಂಗಡಿಗೆ ವಾಪಸ್ ಕೊಡೋಕೆ ಹೋದ್ರೆ ಅವ್ರು ಮುಖ ನೋಡಿದ್ರು ಅಷ್ಟೇ.

ನಡೆಯೋ ದಾರಿ ಒಂದೇ, ಒಟ್ಟು ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಇರೋ ರೀಸೈಕಲ್‌ನೋರಿಗೆ ಕೊಡೋದು. ಹೆಸರುಗಳ ಪಟ್ಟಿ ಮಂಡಳಿ ಹತ್ರ ಸಿಗುತ್ತೆ, ಆದ್ರೆ ಪಟ್ಟಿಲಿ ಇರೋರೆಲ್ಲಾ ದೀಪ ತಗೊಳ್ಳಲ್ಲ, ಫೋನಲ್ಲಿ ಮೊದಲೇ "ಪಾದರಸದ ದೀಪ ತಗೋತೀರಾ, ಅದಕ್ಕೆ ಮೆಷಿನ್ ಇದೆಯಾ" ಅಂತ ಕೇಳಿ. ಮುಚ್ಚಿದ ಮೆಷಿನಲ್ಲಿ ಒಡೀತಾರೆ, ಗಾಳಿನ ಒಳಕ್ಕೆ ಎಳ್ಕೊಂಡು ಇದ್ದಿಲಿನ ಫಿಲ್ಟರಲ್ಲಿ ಬಿಡ್ತಾರೆ, ಗಾಜು ಬೇರೆ, ಕ್ಯಾಪ್ ಬೇರೆ, ಬಿಳಿ ಪುಡಿ ಬೇರೆ, ಆ ಪುಡಿನ ಕಾಯಿಸಿ ಪಾದರಸನ ಭಟ್ಟಿ ಇಳಿಸಿ ತೆಗೀತಾರೆ. ಇದಕ್ಕೆಲ್ಲಾ ಖರ್ಚು ಜಾಸ್ತಿ, ವಾಪಸ್ ಸಿಗೋ ಗಾಜಿಗೆ ಬೆಲೆ ಇಲ್ಲ, ಅದಕ್ಕೆ ಲ್ಯಾಪ್‌ಟಾಪ್ ಆದ್ರೆ ಅವ್ರೇ ದುಡ್ಡು ಕೊಟ್ಟು ಒಯ್ತಾರೆ, ಟ್ಯೂಬ್ ಆದ್ರೆ ನಾವು ಕೊಡ್ಬೇಕು.

ನಾವು ಮಾಡಿದ್ದು ಏನು ಅಂದ್ರೆ ಟ್ಯೂಬ್ ಒಂದನ್ನೇ ಕೊಡಲ್ಲ. ಹಳೇ ಕಂಪ್ಯೂಟರ್, ಯುಪಿಎಸ್, ಕೆಟ್ಟ ಟಿವಿ, ಎಲ್ಲಾ ಒಂದು ದಿನ ಸೇರಿಸಿ, ಇದೆಲ್ಲಾ ಬೇಕಾದ್ರೆ ಟ್ಯೂಬೂ ತಗೊಳ್ಳಿ ಅಂತ ಹೇಳ್ತೀವಿ. ಮೂರೂ ಸಲ ಒಂದು ರೂಪಾಯಿ ಕೊಡ್ದೆ ಹೋಗಿದೆ. ಮೇಡಂ ನಿಮ್ಮ ಶಾಲೇಲಿ ಕೆಟ್ಟ ಕಂಪ್ಯೂಟರ್ ಇಲ್ವಾ?

ತಿಪಟೂರು_ಟೀಚರ್

ಇದೆ! ಲ್ಯಾಬಲ್ಲಿ ಏಳು ಸಿಪಿಯು, ಎರಡು ಯುಪಿಎಸ್ ಧೂಳು ತಿಂತಿದೆ, ನನಗೆ ಹೊಳೆದೇ ಇರ್ಲಿಲ್ಲ ನೋಡಿ.

ಹತ್ತು ದಿನ ಆಯ್ತು ಬರೆಯೋಕೆ, ಕ್ಷಮಿಸಿ. ಮೀಟಿಂಗಲ್ಲಿ ಕೆಮಿಸ್ಟ್ರಿ ಸರ್ ಕೊಟ್ಟ ಲೆಕ್ಕ ಓದಿದೆ, ಅದಕ್ಕಿಂತ ಬೋರ್‌ವೆಲ್ ದೂರ ಟೇಪ್ ಹಿಡಿದು ಅಳೆದು ತೋರಿಸಿದ್ದು ಕೆಲಸ ಮಾಡ್ತು, 34 ಅಡಿ. ಗುಂಡಿ ಕೈಬಿಟ್ರು. ಕಂಪ್ಯೂಟರ್ ಸ್ಟಾಕ್ ರಿಜಿಸ್ಟರಲ್ಲಿ ಇರೋದ್ರಿಂದ ಇಲಾಖೆ ಒಪ್ಪಿಗೆ ಇಲ್ದೆ ಕೊಡೋ ಹಾಗಿಲ್ಲ, ನಿರ್ಣಯ ಬರೆದು ಕಳಿಸಿದೀವಿ, ಅದು ಬರೋಕೆ ಟೈಮ್ ಹಿಡಿಯುತ್ತೆ. ಬೆಂಗಳೂರಿನ ಒಬ್ರು ರೀಸೈಕಲ್‌ನೋರು ಫೋನಲ್ಲಿ ಒಪ್ಪಿದಾರೆ, ಆದ್ರೆ ಇಷ್ಟಕ್ಕೇ ಗಾಡಿ ಕಳ್ಸಲ್ಲ ಅಂದ್ರು, ಅದಕ್ಕೆ ಅಕ್ಕಪಕ್ಕದ ಮೂರು ಶಾಲೆ ಎಚ್‌ಎಂ‌ಗಳನ್ನ ಕೇಳ್ದೆ, ಇಬ್ರು ನಮ್ಮಲ್ಲೂ ಇದೆ ಸೇರಿಸ್ಕೊಳ್ಳಿ ಅಂದ್ರು.

ಒಡೆದ ಹುಡುಗ್ರಿಬ್ರೂ ನನ್ನ ಜೊತೆ ನಿಂತು ಎಲ್ಲಾ ಟ್ಯೂಬ್ ಪೇಪರ್ ಸುತ್ತಿ ನಾಲ್ಕು ಪೆಟ್ಟಿಗೆಗೆ ಹಾಕಿದ್ರು, ಒಂದೂ ಒಡೀಲಿಲ್ಲ. ಪಾತಿ ಮಣ್ಣು ನಾನೇ ಎತ್ತಿ ಡಬ್ಬಕ್ಕೆ ಹಾಕ್ದೆ. ಅಡುಗೆ ಅಮ್ಮಂಗೆ ಹೇಳ್ದೆ ತಂಗಿ, ನೀವು ಹೇಳಿದ ಹಾಗೇ ಕೂರಿಸ್ಕೊಂಡು. ಪೂರ್ತಿ ಕೇಳಿ, ಮನೇಲಿ ಎರಡು ಟ್ಯೂಬ್ ಕೆಟ್ಟಿದ್ದು ದನದ ಕೊಟ್ಟಿಗೆ ಅಟ್ಟದ ಮೇಲಿದೆ, ಅದನ್ನೂ ತಂದು ಇಲ್ಲೇ ಇಡ್ಲಾ ಅಂದ್ರು. ಈಗ 90 ಆಗಿದೆ. ರೂಮಿಗೆ ಬೀಗ ಹಾಕಿ ಕೀ ನನ್ನ ಹತ್ರ ಇಟ್ಕೊಂಡಿದೀನಿ.

ವೈರಿಂಗ್_ಕೆಲಸ

ಮೇಡಂ ಮೂರು ಶಾಲೇದು ಗಾಡಿಗೆ ಏರಿಸೋ ದಿನ ಒಂದು ಫೋನ್ ನಂಬರ್ ಮೆಸೇಜ್ ಮಾಡಿ, ನಾನು ಅರಸೀಕೆರೇಲೇ ಇರೋದು. ಬೈಕಲ್ಲಿ ಬಂದು ನಾನೇ ನಿಂತು ಏರಿಸ್ಕೊಡ್ತೀನಿ.